ಪಂಜು ಕೈಯಿಂದ ಕೈಗೆ

ಮಕ್ಕಳೇ,

ಶಾಲೆಯ ಕ್ರೀಡಾದಿನದಲ್ಲಿ ರಿಲೇ ಓಟ ಓಡಿದ್ದೀರಲ್ಲವೇ? ಒಬ್ಬರು ಕೋಲು ಹಿಡಿದು ಓಡಿ ಬಂದು ಮುಂದಿನವರ ಕೈಗೆ ಕೊಡುತ್ತಾರೆ. ಕೊಟ್ಟವರು ನಿಂತರೂ ಓಟ ನಿಲ್ಲುವುದಿಲ್ಲ. ಇಂಥ ಓಟದ ಹೆಸರನ್ನೇ ಹೊತ್ತ ಒಂದು ಚಿತ್ರಸಂಪುಟ 1884ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹೊರಬಂತು. ಅದರ ಹೆಸರು ‘ಕ್ವಾಸಿ ಕರ್ಸೋರೆಸ್’. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ‘ಓಟಗಾರರಂತೆ’. ಬದುಕನ್ನು ಒಂದು ತಲೆಮಾರು ಮುಂದಿನದಕ್ಕೆ ಒಪ್ಪಿಸುವುದನ್ನು ರೋಮಿನ ಕವಿ ಲುಕ್ರೀಷಿಯಸ್ ಪಂಜಿನ ಓಟಕ್ಕೆ ಹೋಲಿಸಿದ್ದ. ಆ ಎರಡು ಪದಗಳು ಅವನ ಕಾವ್ಯದಿಂದ ಬಂದವು.

ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ದೊರೆ ಆರನೆಯ ಜೇಮ್ಸ್ ಸನ್ನದು ಕೊಟ್ಟದ್ದು 1582ರಲ್ಲಿ. ಮರುವರ್ಷ ಪಾಠ ಶುರುವಾಯಿತು. ಮುನ್ನೂರು ವರ್ಷ ತುಂಬಿದ ಹಬ್ಬವನ್ನು 1884ರ ಏಪ್ರಿಲ್‌ನಲ್ಲಿ ನಡೆಸಿದರು. ಫ್ರಾನ್ಸಿನಿಂದ ವಿಜ್ಞಾನಿ ಲೂಯಿ ಪಾಶ್ಚರ್, ಜರ್ಮನಿಯಿಂದ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಬಂದರು, ಕವಿ ರಾಬರ್ಟ್ ಬ್ರೌನಿಂಗ್ ಬಂದರು. ಹಬ್ಬ ಮುಗಿದ ಮೇಲೂ ನೆನಪು ಉಳಿಯಬೇಕಲ್ಲ? ವಿಲಿಯಂ ಹೋಲ್ ಎಂಬ ಕಲಾವಿದರು ಅಲ್ಲಿನ ಅಧಿಕಾರಿಗಳ ಮತ್ತು ಪ್ರಾಧ್ಯಾಪಕರ ಮುಖಗಳನ್ನು ಒಂದೊಂದಾಗಿ ತಾಮ್ರದ ತಗಡಿನ ಮೇಲೆ ಬಿಡಿಸಿ, ಅಚ್ಚು ತೆಗೆದು, ಸಂಪುಟ ಮಾಡಿದರು. ಹೋಲ್ ಮೊದಲು ಐದು ವರ್ಷ ಎಂಜಿನಿಯರಿಂಗ್ ಕೆಲಸ ಕಲಿತವರು, ಆಮೇಲೆ ಚಿತ್ರಕಲೆಗೆ ಬಂದವರು.

ಈ ಬಗೆಯ ಚಿತ್ರಕ್ಕೆ ಎಚಿಂಗ್ ಎನ್ನುತ್ತಾರೆ. ಅದನ್ನು ಮಾಡುವ ಬಗೆ ಕೇಳಿ. ನುಣ್ಣಗೆ ಉಜ್ಜಿದ ತಾಮ್ರದ ತಗಡನ್ನು ಬಿಸಿ ಮಾಡಿ ತೆಳುವಾಗಿ ಮೇಣ ಸವರುತ್ತಾರೆ. ಉರಿಯುವ ಬತ್ತಿಯ ಹೊಗೆ ಹಿಡಿದು ಆ ಮೇಣವನ್ನು ಕಪ್ಪಾಗಿಸುತ್ತಾರೆ. ಆಮೇಲೆ ಸೂಜಿಯಿಂದ ಚಿತ್ರ ಗೀಚುತ್ತಾರೆ. ಸೂಜಿ ಓಡಿದಲ್ಲೆಲ್ಲ ಮೇಣ ಕಿತ್ತು, ಕೆಳಗಿನ ತಾಮ್ರ ಕೆಂಪಗೆ ಮಿನುಗುತ್ತದೆ. ತಗಡನ್ನು ಆಮ್ಲದಲ್ಲಿ ಮುಳುಗಿಸಿದರೆ, ಮೇಣ ಇರುವ ಕಡೆ ಆಮ್ಲ ಮುಟ್ಟುವುದಿಲ್ಲ. ಗೀಚಿದ ಕಡೆ ಮಾತ್ರ ತಾಮ್ರವನ್ನು ತಿನ್ನುತ್ತದೆ. ಸ್ವಲ್ಪ ಹೊತ್ತು ತಿಂದರೆ ಕೂದಲೆಳೆಯಂಥ ಗೆರೆ, ಹೆಚ್ಚು ಹೊತ್ತು ತಿಂದರೆ ಆಳವಾದ ಕಪ್ಪು ಗೆರೆ. ಅಜ್ಜನ ಬಿಳಿಗಡ್ಡಕ್ಕೆ ಮೊದಲನೆಯದು, ಕರಿ ಕೋಟಿಗೆ ಎರಡನೆಯದು.

ಕೊನೆಗೆ ಮೇಣ ತೆಗೆದು, ತಗಡಿಗೆಲ್ಲ ಮಸಿ ಬಳಿದು, ಬಟ್ಟೆಯಿಂದ ಒರೆಸುತ್ತಾರೆ. ಮೇಲಿನ ಮಸಿ ಹೋಗಿ, ಗೆರೆಗಳ ಒಳಗಿನ ಮಸಿ ಉಳಿಯುತ್ತದೆ. ಒದ್ದೆ ಕಾಗದ ಹೊದಿಸಿ, ಉರುಳೆಗಳ ನಡುವೆ ಬಲವಾಗಿ ಒತ್ತಿ ತೆಗೆದರೆ ಚಿತ್ರ ಕಾಗದಕ್ಕೆ ಬರುತ್ತದೆ. ಹಳೆಯ ಎಚಿಂಗ್ ಎದುರಾದರೆ ಚಿತ್ರದ ಸುತ್ತ ಕಾಗದ ಚೌಕವಾಗಿ ತಗ್ಗಿದೆಯೇ ನೋಡಿ. ಅದು ತಗಡಿನ ಅಂಚು ಒತ್ತಿದ ಗುರುತು. ನಮ್ಮ ದೊರೆಗಳೂ ದಾನ ಕೊಟ್ಟದ್ದು ಅಳಿಯದಿರಲಿ ಎಂದು ತಾಮ್ರಶಾಸನ ಕೊರೆಸುತ್ತಿದ್ದರು. ಶಾಸನದ ಅಕ್ಷರ ತಾಮ್ರದಲ್ಲೇ ಉಳಿದು ಓದಿಗೆ ಸಿಗುತ್ತದೆ. ಎಚಿಂಗ್‌ನ ಗೆರೆಯಾದರೋ ಕಾಗದಕ್ಕೆ ಇಳಿದು ಹಲವು ಕೈಗಳಿಗೆ ಹೋಗುತ್ತದೆ, ಅದೂ ಎಡಬಲ ತಿರುವುಮುರುವಾಗಿ. ಅರ್ಧ ಆಲೂಗಡ್ಡೆಯ ಮೇಲೆ ‘ಕ’ ಕೊರೆದು, ಬಣ್ಣ ಹಚ್ಚಿ ಒತ್ತಿ ನೋಡಿ, ಇದು ತಟ್ಟನೆ ತಿಳಿಯುತ್ತದೆ.

ಈಗ ಸಂಪುಟದ ಮುಖಗಳತ್ತ ಬರೋಣ. ಹಬ್ಬದ ಹೊತ್ತಿಗೆ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು ಸರ್ ಅಲೆಕ್ಸಾಂಡರ್ ಗ್ರ್ಯಾಂಟ್. ಅದರ ಮುನ್ನೂರು ವರ್ಷಗಳ ಕಥೆಯನ್ನು ಎರಡು ಸಂಪುಟಗಳಲ್ಲಿ ಬರೆದವರೂ ಅವರೇ. ಅದಕ್ಕೂ ಮೊದಲು ಅವರು ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಗೆ ನಿರ್ದೇಶಕರಾಗಿದ್ದರು. ಆಗ ನಮ್ಮ ಧಾರವಾಡ, ಬೆಳಗಾವಿ ಆ ಪ್ರಾಂತ್ಯಕ್ಕೆ ಸೇರಿದ್ದವು. ಮರಾಠಿಯೇ ಮುಂದಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಇದೇ ಇಲಾಖೆಯವರು. ಎಡಿನ್‌ಬರೋದಲ್ಲಿ ಸಂಸ್ಕೃತ ಕಲಿಸುತ್ತಿದ್ದವರು ಜೂಲಿಯಸ್ ಎಗ್ಗೆಲಿಂಗ್. ನಮ್ಮ ವೈದಿಕ ಗ್ರಂಥ ಶತಪಥ ಬ್ರಾಹ್ಮಣವನ್ನು ಇಂಗ್ಲಿಷಿಗೆ ತಂದವರು ಅವರು.

ರಸಾಯನಶಾಸ್ತ್ರದ ಪ್ರಾಧ್ಯಾಪಕರು ಅಲೆಕ್ಸಾಂಡರ್ ಕ್ರಮ್ ಬ್ರೌನ್. ಪರಮಾಣುಗಳನ್ನು ಗೆರೆಗಳಿಂದ ಜೋಡಿಸಿ ಬರೆಯುವ ಪದ್ಧತಿಯನ್ನು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ನೋಡಿರುತ್ತೀರಿ. ಅದನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಮುನ್ನೂರರ ಹಬ್ಬ ನಡೆದಾಗ ಅವರ ತರಗತಿಯಲ್ಲಿ ಬಂಗಾಳದ ಒಬ್ಬ ಹುಡುಗನಿದ್ದ, ಹೆಸರು ಪ್ರಫುಲ್ಲಚಂದ್ರ ರಾಯ್. 1882ರಲ್ಲಿ ಅಲ್ಲಿಗೆ ಓದಲು ಹೋಗಿದ್ದ ಅವರು ಡಾಕ್ಟರೇಟ್ ಪಡೆದು 1888ರಲ್ಲಿ ಊರಿಗೆ ಮರಳಿದರು. ಕೋಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಷ್ಟೋ ತರುಣರಿಗೆ ರಸಾಯನಶಾಸ್ತ್ರ ಕಲಿಸಿದರು. ಅವರ ಶಿಷ್ಯರಲ್ಲಿ ಒಬ್ಬರು ಜ್ಞಾನಚಂದ್ರ ಘೋಷ್. ಘೋಷರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಹಳೆಯ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆ ಅದೇ. ಅವರ ಕಾಲದಲ್ಲೇ, 1942ರಲ್ಲಿ, ಅಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಎಡಿನ್‌ಬರೋದ ಪಂಜು ಕೋಲ್ಕತ್ತಾ ಹಾದು ಬೆಂಗಳೂರಿಗೆ ಬಂದ ದಾರಿ ಇದು. ಆ ಸಂಪುಟಕ್ಕೆ ಹೆಸರಿಟ್ಟವರು ಎಷ್ಟು ಸರಿಯಾಗಿ ಇಟ್ಟರು ನೋಡಿ!

ಒಂದು ಮಾತು ಹೇಳದೆ ಇರಲಾರೆ. ಆ ಸಂಪುಟದಲ್ಲಿರುವ ಪ್ರಾಧ್ಯಾಪಕರೆಲ್ಲ ಗಂಡಸರು. 1869ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಮತ್ತು ಅವರ ಗೆಳತಿಯರು ಅಲ್ಲಿ ವೈದ್ಯಕೀಯ ಕಲಿಯಲು ಸೇರಿದರೂ, ಆ ಏಳು ಮಂದಿಗೆ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಅಲ್ಲಿ ಹೆಣ್ಣುಮಕ್ಕಳು ಮೊದಲು ಪದವಿ ಪಡೆದದ್ದು 1893ರಲ್ಲಿ. ಆ ಏಳು ಮಂದಿಗೆ 2019ರಲ್ಲಿ, ಅವರೆಲ್ಲ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ, ಗೌರವವಾಗಿ ಪದವಿ ಸಂದಿತು. ಓಡಲು ಸಿದ್ಧರಿದ್ದವರ ಕೈಗೆ ಪಂಜು ಕೊಡದಿದ್ದುದು ದೊಡ್ಡ ಅನ್ಯಾಯ. ನೆನಪಿನ ಚಿತ್ರ ನೋಡುವಾಗ ಅದರಲ್ಲಿ ಇರುವವರನ್ನು ಕೇಳಿದಂತೆ, ಯಾರಿಲ್ಲ ಎಂಬುದನ್ನೂ ಕೇಳಬೇಕು.

ಈಗ ನಿಮಗೊಂದು ಕೆಲಸ. ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನೋ ತಾತನನ್ನೋ ಕೇಳಿ: ‘ನಿಮಗೆ ಅ ಆ ಇ ಈ ಕಲಿಸಿದ ಮೇಷ್ಟ್ರು ಯಾರು? ನೋಡಲು ಹೇಗಿದ್ದರು?’ ಅವರು ಹೇಳಿದ್ದನ್ನು ಕೇಳಿಕೊಂಡು ಆ ಗುರುಗಳ ಚಿತ್ರ ಬಿಡಿಸಿ. ಪಕ್ಕದಲ್ಲಿ ನಿಮಗೆ ಕನ್ನಡ ಕಲಿಸಿದವರ ಚಿತ್ರವಿರಲಿ, ಅದು ಅಮ್ಮನಾದರೂ ಸರಿ. ಎರಡರ ಕೆಳಗೂ ಹೆಸರನ್ನು ಕನ್ನಡದಲ್ಲಿ ಬರೆದು ನಮ್ಮ ಕೂಟಕ್ಕೆ ತಂದುಕೊಡಿ. ಮುಂದಿನ ಸಂಚಿಕೆಯ ಪುಟಗಳನ್ನು ಅವಕ್ಕಾಗಿ ಖಾಲಿ ಇಡುತ್ತೇವೆ.