ಹೊವಾರ್ಡ್ ಫ್ಲೋರಿ

ಪೆನಿಸಿಲಿನ್ ಎಂದೊಡನೆ ನಮ್ಮ ವಿದ್ಯಾರ್ಥಿಗಳು ಫ್ಲೆಮಿಂಗರ ಹೆಸರನ್ನು ಹೇಳುತ್ತಾರೆ. 1928ರಲ್ಲಿ ಬೂಷ್ಟಿನ ಆ ಗುಣವನ್ನು ಕಂಡವರು ಅವರೇ. ಆದರೆ ಬೂಷ್ಟು ಬೆಳೆದ ರಸದಿಂದ ಔಷಧವನ್ನು ಬೇರ್ಪಡಿಸಿ ರೋಗಿಯ ಹಾಸಿಗೆಯವರೆಗೆ ತಂದವರ ಮುಂದಾಳು ಹೊವಾರ್ಡ್ ಫ್ಲೋರಿ. ಅವರ ವಿಷಯವನ್ನು ನಾವಿಲ್ಲಿ ಹೇಳಬಯಸುತ್ತೇವೆ.

ಫ್ಲೋರಿಯವರು 1898ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಜನಿಸಿದರು. ಅಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ವಿದ್ಯಾರ್ಥಿವೇತನ ಪಡೆದು ಆಂಗ್ಲ ದೇಶಕ್ಕೆ ಬಂದರು. 1935ರಲ್ಲಿ ಆಕ್ಸ್‌ಫರ್ಡಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. 1939ರಲ್ಲಿ ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮೊದಲಾದವರೊಡನೆ ಪೆನಿಸಿಲಿನ್ನಿನ ಕಾರ್ಯಕ್ಕೆ ತೊಡಗಿದರು.

ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವುದನ್ನು ನೀವು ಊರಿನಲ್ಲಿ ಕಂಡಿರಬಹುದು. ಇದು ಅಷ್ಟು ಸುಲಭವಾಗಿರಲಿಲ್ಲ. ಹತ್ತು ಲಕ್ಷ ಭಾಗ ರಸದಲ್ಲಿ ಔಷಧವಿದ್ದುದು ಒಂದೆರಡು ಭಾಗ ಮಾತ್ರ. ರಸಕ್ಕೆ ಆಮ್ಲವನ್ನು ಬೆರೆಸಿದರೆ ಪೆನಿಸಿಲಿನ್ ಈಥರಿಗೆ ದಾಟುತ್ತದೆ; ಆದರೆ ಅದೇ ಆಮ್ಲದಲ್ಲಿ ಬೇಗನೆ ಕೆಡುತ್ತದೆ. ಈಥರಿನಿಂದ ಅದನ್ನು ಮರಳಿ ಪಡೆಯುವ ಬಗೆಯೂ ತಿಳಿದಿರಲಿಲ್ಲ. ಹೀಟ್ಲಿಯವರು ರಸವನ್ನು ಚೆನ್ನಾಗಿ ತಂಪುಗೊಳಿಸಿ, ಆಮ್ಲ ಬೆರೆಸಿದ ಕೂಡಲೇ ಔಷಧವನ್ನು ಈಥರಿಗೆ ದಾಟಿಸಿದರು. ಬಳಿಕ ಆ ಈಥರನ್ನು ತುಸು ಕ್ಷಾರ ಸೇರಿಸಿದ ನೀರಿನೊಡನೆ ಕುಲುಕಿದರು. ಔಷಧವು ಮರಳಿ ನೀರಿಗೆ ಬಂದಿತು! ಆ ನೀರನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಲು ಕಂದು ಪುಡಿ ಉಳಿಯಿತು. ಯುದ್ಧಕಾಲವಾದುದರಿಂದ ಪಾತ್ರೆಗಳಿಗೂ ಬರ. ಆಸ್ಪತ್ರೆಯ ಬೆಡ್‌ಪ್ಯಾನುಗಳಲ್ಲಿಯೂ ಬೂಷ್ಟನ್ನು ಬೆಳೆಸಿದರು.

1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಔಷಧ ಕೊಟ್ಟರು. ಬೆಳಗಾಗುವಷ್ಟರಲ್ಲಿ ಉಳಿದ ನಾಲ್ಕು ಸತ್ತಿದ್ದವು.

1941ರ ಫೆಬ್ರವರಿಯಲ್ಲಿ ಪೋಲೀಸ್ ಪೇದೆಯೊಬ್ಬನ ಸರದಿ. ಮುಖವೆಲ್ಲ ಕೀವುಗಟ್ಟಿ ಒಂದು ಕಣ್ಣನ್ನು ಕಳೆದುಕೊಂಡಿದ್ದ ಆತನು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳತೊಡಗಿದನು. ಆದರೆ ಇದ್ದ ಔಷಧವೆಲ್ಲ ಮುಗಿಯುತ್ತ ಬಂದಿತು. ಆತನ ಮೂತ್ರದಲ್ಲಿ ಹೊರಬಿದ್ದುದನ್ನೂ ಪ್ರಯೋಗಶಾಲೆಗೆ ಒಯ್ದು, ಬೇರ್ಪಡಿಸಿ, ಮರಳಿ ಆತನಿಗೇ ಚುಚ್ಚಿದರು. ಅದೂ ಸಾಲದಾಯಿತು. ಮಾರ್ಚಿಯಲ್ಲಿ ಆತನು ತೀರಿಕೊಂಡನು. ಮದ್ದು ತಿಳಿದಿದ್ದೂ ಮದ್ದಿಲ್ಲದೆ ಸತ್ತ ಈ ಮನುಷ್ಯನನ್ನು ನೆನೆದಾಗಲೆಲ್ಲ ನಮ್ಮ ಮನಸ್ಸು ಭಾರವಾಗುತ್ತದೆ. ಸ್ವಲ್ಪ ಔಷಧವೇ ಸಾಕೆಂದು ಫ್ಲೋರಿಯವರು ಮುಂದೆ ಹೆಚ್ಚಾಗಿ ಮಕ್ಕಳನ್ನು ಆರಿಸಿಕೊಂಡರು.

ಅದೇ ವರ್ಷ ಹೀಟ್ಲಿಯವರೊಡನೆ ಅಮೆರಿಕಕ್ಕೆ ಹೋಗಿ ನೆರವು ಕೇಳಿದರು. ಅಲ್ಲಿಯ ಪಿಯೋರಿಯದಲ್ಲಿ ಮೆಕ್ಕೆಜೋಳ ನೆನೆಸಿದ ನೀರನ್ನು ಬೂಷ್ಟಿಗೆ ಉಣಿಸಲು ಇಳುವರಿ ಬಹಳ ಹೆಚ್ಚಿತು. ಪುಣೆಯ ಬಳಿಯ ಪಿಂಪ್ರಿಯಲ್ಲಿ ನಮ್ಮ ಸರಕಾರದ ಪೆನಿಸಿಲಿನ್ ಕಾರ್ಖಾನೆ ಸ್ಥಾಪನೆಯಾದದ್ದು 1954ರಲ್ಲಿ.

1945ರ ನೊಬೆಲ್ ಪಾರಿತೋಷಕವನ್ನು ಫ್ಲೆಮಿಂಗ್, ಚೈನ್, ಫ್ಲೋರಿ ಮೂವರೂ ಹಂಚಿಕೊಂಡರು. ಫ್ಲೋರಿಯವರು 1968ರಲ್ಲಿ ನಿಧನರಾದರು. ಹೀಟ್ಲಿಯವರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ವೈದ್ಯಶಾಸ್ತ್ರದ ಗೌರವ ಪದವಿಯನ್ನಿತ್ತದ್ದು 1990ರಲ್ಲಿ. ಬಹಳ ತಡವಾಯಿತೆಂದೇ ನಮ್ಮ ಭಾವನೆ.