ಟೊಳ್ಳುಗಟ್ಟಿಯ ಕೈಲಾಸಂ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಯಾವ ನಾಟಕವನ್ನು ಆಡಬೇಕೆಂಬ ಚರ್ಚೆ ಕನ್ನಡ ಸಂಘದ ಕೊಠಡಿಯಲ್ಲಿ ಮೂರು ಸಂಜೆ ನಡೆಯಿತು. ನಮಗೆ ಕೊಟ್ಟಿದ್ದ ಸಮಯ ಮುಕ್ಕಾಲು ಗಂಟೆ. ವೇಷಭೂಷಣಕ್ಕೆ ಹಣವಿಲ್ಲ, ಇದ್ದ ಪರದೆ ಒಂದೇ, ಅದೂ ಹರಿದದ್ದು. ಕೊನೆಗೆ ಕನ್ನಡ ಅಧ್ಯಾಪಕರು ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಸೂಚಿಸಿದರು. ಒಂದು ಮನೆ, ಕೆಲವೇ ಪಾತ್ರಗಳು. ರಾಜನೂ ಬೇಡ, ಕಿರೀಟವೂ ಬೇಡ. ಪರೀಕ್ಷೆಯಲ್ಲಿ ಸದಾ ಮುಂದಿರುವ ಪುಟ್ಟುವಿನ ಪಾತ್ರ ನನ್ನ ಪಾಲಿಗೆ ಬಂದಿತು. ನನ್ನ ಅಂಕಪಟ್ಟಿಯನ್ನು ನೋಡಿಯೇ ಗೆಳೆಯರು ಈ ಆಯ್ಕೆ ಮಾಡಿದರೆಂದು ತೋರುತ್ತದೆ. ನಾನೂ ಹಿಗ್ಗಿದೆ. ನಾಟಕವನ್ನು ಪೂರ್ತಿ ಓದಿ ಮುಗಿಸುವವರೆಗೆ ಮಾತ್ರ ಆ ಹಿಗ್ಗು ಉಳಿಯಿತು.

ಇದನ್ನು ಬರೆದ ಮನುಷ್ಯ ಯಾರು, ಬುದ್ಧಿವಂತ ಹುಡುಗರ ಮೇಲೆ ಇವರಿಗೆ ಏಕಿಷ್ಟು ಮುನಿಸು ಎಂದು ತಿಳಿಯುವ ಹಟದಿಂದ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಕಂಡದ್ದು ನಾನು ಎಣಿಸಿದ್ದಕ್ಕೆ ತೀರ ವಿರುದ್ಧವಾದ ಕಥೆ. ಪರೀಕ್ಷೆಯಲ್ಲಿ ಸೋತ ಹೊಟ್ಟೆಕಿಚ್ಚಿನವರಾರೋ ಬರೆದಿರಬೇಕೆಂದು ನಾನು ಊಹಿಸಿದ್ದೆ. ಆದರೆ ಕೈಲಾಸಂ ಓದಿನಲ್ಲಿ ಸೋತವರಲ್ಲ. ಅವರೇ ಒಬ್ಬ ಪುಟ್ಟು.

ಅವರು ಹುಟ್ಟಿದ್ದು ೧೮೮೪ರ ಜುಲೈ ೨೯ರಂದು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ಚೀಫ್ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಮನೆಮಾತು ತಮಿಳು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನವನ್ನು ಓದಿ, ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಹೋದರು. ಇಷ್ಟನ್ನು ಕೇಳಿದ ಯಾವ ತಂದೆಯಾದರೂ ತನ್ನ ಮಗನನ್ನು ಕರೆದು, ನೋಡಿ ಕಲಿತುಕೋ ಎಂದು ಹೇಳದೆ ಇರಲಾರ.

ಲಂಡನ್ನಿನಲ್ಲಿ ಅವರು ಕಲ್ಲುಗಳನ್ನು ಅಭ್ಯಾಸ ಮಾಡಿದರು. ಅದಕ್ಕಿಂತ ಹೆಚ್ಚಾಗಿ ನಾಟಕಗಳನ್ನು ನೋಡಿದರು. ಇಬ್ಸೆನ್ನನ ಪ್ರಭಾವ ಯೂರೋಪಿನ ರಂಗಭೂಮಿಯನ್ನೆಲ್ಲ ಆವರಿಸಿದ್ದ ಕಾಲವದು. ನಾಲ್ಕು ಗೋಡೆಗಳ ನಡುವೆ, ನಿತ್ಯದ ಉಡುಪಿನಲ್ಲಿ, ನಿತ್ಯದ ಮಾತಿನಲ್ಲಿ ಒಂದು ಸಂಸಾರ ಒಡೆಯುವುದನ್ನು ತೋರಿಸಿ ಜನರನ್ನು ಕಲಕಬಹುದೆಂಬುದು ಆ ರಂಗಭೂಮಿಯ ಹೊಸ ಅರಿವಾಗಿತ್ತು. ೧೯೧೫ರಲ್ಲಿ ಕೈಲಾಸಂ ಮೈಸೂರು ಸೀಮೆಗೆ ಮರಳಿದಾಗ ಅವರ ಪೆಟ್ಟಿಗೆಯಲ್ಲಿ ಭೂವಿಜ್ಞಾನದ ಪದವಿಯೂ ತಲೆಯಲ್ಲಿ ಈ ಅರಿವೂ ಇದ್ದುವು. ಭೂವಿಜ್ಞಾನಿಯಾಗಿ ಸಂಸ್ಥಾನದ ನೌಕರಿಗೆ ಸೇರಿದರು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟರು. ಆಮೇಲೆ ಮತ್ತೆಂದೂ ನೌಕರಿ ಎಂಬುದರ ಗೋಜಿಗೆ ಅವರು ಹೋಗಲಿಲ್ಲ. ಮೊದಲನೆಯ ತಲೆಮಾರಿನ ಪದವೀಧರನಾಗಲು ಹೊರಟಿರುವ ನನಗೆ ಈ ಭಾಗ ಇಂದಿಗೂ ಅರ್ಥವಾಗುವುದಿಲ್ಲ. ಕೈಗೆ ಬಂದ ಸರ್ಕಾರಿ ಕೆಲಸವನ್ನು ಬಿಡುವುದೆಂದರೇನು! ನ್ಯಾಯಾಧೀಶರ ಮಗನಿಗೆ ಅದು ಸಾಧ್ಯವಾಯಿತು, ನಮ್ಮಂಥವರಿಗಲ್ಲ ಎಂದು ಒಮ್ಮೆ ಅನ್ನಿಸಿತು. ಆ ಅನಿಸಿಕೆ ಪೂರ್ತಿ ತಪ್ಪೆಂದು ಈಗಲೂ ನಾನು ಹೇಳಲಾರೆ.

ಆ ಕಾಲದಲ್ಲಿ ನಮ್ಮ ನಾಡಿನಲ್ಲಿ ನಾಟಕವೆಂದರೆ ಕಂಪೆನಿ ನಾಟಕ. ಕೈಲಾಸಂ ಹುಟ್ಟಿದ ೧೮೮೪ರಲ್ಲೇ ಗುಬ್ಬಿಯ ಕಂಪೆನಿಯೂ ಹುಟ್ಟಿದ್ದು ಒಂದು ಸೋಜಿಗದ ಯೋಗ. ಇತ್ತ ಮೈಸೂರಿನ ವರದಾಚಾರ್ಯರ ಗಾಯನಕ್ಕೆ ಜನ ಮರುಳಾಗಿದ್ದರು. ಇರುಳೆಲ್ಲ ನಡೆಯುವ ಪುರಾಣಕಥೆ, ಹಾಡಿನ ಮೇಲೆ ಹಾಡು, ಬಣ್ಣದ ಪರದೆಗಳು, ಗ್ರಂಥಸ್ಥ ಭಾಷೆ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಮ್ಮ ಅಜ್ಜ ಮೂರು ಗಾವುದ ನಡೆದು ಹೋಗಿ ಅಂಥ ನಾಟಕ ನೋಡಿ ಬಂದದ್ದನ್ನು ಸಾಯುವವರೆಗೂ ಹೇಳುತ್ತಿದ್ದರು. ಆದರೆ ನಾಟಕ ನೋಡಿ ಮನೆಗೆ ಮರಳಿದವನಿಗೆ ತನ್ನ ಮನೆಯ ಪಡಸಾಲೆಯೂ ಒಂದು ರಂಗಸ್ಥಳವೆಂದು ತೋರುತ್ತಿರಲಿಲ್ಲ. ೧೯೧೮ರ ಸುಮಾರಿಗೆ ‘ಟೊಳ್ಳುಗಟ್ಟಿ’ ಬಂದಾಗ ಹಾಗೆ ತೋರತೊಡಗಿತು.

ಹಿರಿಯಣ್ಣನಿಗೆ ಇಬ್ಬರು ಮಕ್ಕಳು. ಪುಟ್ಟು ಓದಿನಲ್ಲಿ ಮುಂದು, ಅಪ್ಪನ ಕಣ್ಮಣಿ. ಮಾಧು ಪರೀಕ್ಷೆಯಲ್ಲಿ ಹಿಂದು. ಅಪ್ಪನ ಬೈಗುಳಕ್ಕೆ ಗುರಿ. ಆದರೆ ಕಾಯಿಲೆಯ ತಾಯಿಯ ಉಪಚಾರಕ್ಕೆ ನಿಲ್ಲುವವನು ಮಾಧು. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಧೈರ್ಯ ತೋರುವವನೂ ಅವನೇ. ಯಾವುದು ಟೊಳ್ಳು, ಯಾವುದು ಗಟ್ಟಿ ಎಂಬುದು ಆಗ ಬಯಲಾಗುತ್ತದೆ. ಕಥೆ ಇಷ್ಟೇ. ಹಾಡಿಲ್ಲ, ದೇವತೆ ಇಳಿದು ಬರುವುದಿಲ್ಲ. ಆ ಮನೆಯ ಜನ ನಾವು ನೀವು ಆಡುವಂತೆಯೇ ಮಾತನ್ನು ನುಂಗಿ, ಅರ್ಧಕ್ಕೆ ಬಿಟ್ಟು, ನಡುವೆ ಇಂಗ್ಲಿಷನ್ನು ತುರುಕಿ ಆಡುತ್ತಾರೆ. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಇದಕ್ಕೆ ಬಹುಮಾನ ಬಂದಿತು. ನನಗೆ ಅಚ್ಚರಿಯಾಗುವುದು ಆ ತೀರ್ಪುಗಾರರ ವಿಷಯದಲ್ಲಿ. ಹಿಂದೆ ಇಂಥದೊಂದಿದ್ದರೆ ಹೋಲಿಸಿ ನೋಡಬಹುದಿತ್ತು, ಇರಲಿಲ್ಲ. ನಾಟಕಕ್ಕೆ ಇರಬೇಕಾದ ಲಕ್ಷಣಗಳೆಂದು ಅಂದಿನವರು ನಂಬಿದ್ದ ಬಹುಪಾಲು ಇದರಲ್ಲಿಲ್ಲ. ಆದರೂ ಅದನ್ನು ಗುರುತಿಸಿದರು. ತನ್ನ ಕಾಲದ ಹೊಸ ಬರಹವನ್ನು ಮೆಚ್ಚಲು ಹಳೆಯದನ್ನು ಮೆಚ್ಚುವುದಕ್ಕಿಂತ ಹೆಚ್ಚಿನ ಎದೆ ಬೇಕು. ನಮ್ಮ ತರಗತಿಯ ಒಬ್ಬ ಗೆಳೆಯ ತಾನೇ ಬರೆದ ಕಿರುನಾಟಕವನ್ನು ಸಂಘಕ್ಕೆ ತಂದಾಗ, ಅದರಲ್ಲಿ ಹಳ್ಳಿಯ ಮಾತಿದೆ, ಸಭೆಗೆ ಒಪ್ಪದು ಎಂದು ತಳ್ಳಿಹಾಕಿದವರಲ್ಲಿ ನಾನೂ ಒಬ್ಬ.

ಒಂದರ ಹಿಂದೆ ಒಂದರಂತೆ ನಾಟಕಗಳು ಬಂದುವು. ಕಕ್ಷಿಗಾರರಿಲ್ಲದ ವಕೀಲನ ಜಂಬವನ್ನು ತೋರಿಸುವ ‘ಬಂಡ್ವಾಳ್ವಿಲ್ಲದ ಬಡಾಯಿ’, ವರದಕ್ಷಿಣೆಯ ಮುಖಕ್ಕೆ ಕನ್ನಡಿ ಹಿಡಿಯುವ ‘ತಾಳಿ ಕಟ್ಟೋಕ್ ಕೂಲೀನೇ’, ಪೋಲಿಯೆನಿಸಿಕೊಂಡ ಹುಡುಗನ ಒಳ್ಳೆಯತನವನ್ನು ಕಾಣಿಸುವ ‘ಪೋಲಿ ಕಿಟ್ಟಿ’. ಇವುಗಳಲ್ಲಿ ನಗೆ ಉಕ್ಕುತ್ತದೆ. ಅದರಿಂದಲೇ ಅವರಿಗೆ ಪ್ರಹಸನಕಾರರೆಂಬ ಹೆಸರು ನಿಂತುಬಿಟ್ಟಿತು. ಆ ಹೆಸರು ಅವರಿಗೆ ಮಾಡಿದ ಅನ್ಯಾಯವೂ ಉಂಟು. ಮಗಳ ಮದುವೆ ಸಕಾಲದಲ್ಲಿ ಆಗಲಿಲ್ಲವೆಂದು ಒಂದು ಕುಟುಂಬವನ್ನು ಜಾತಿಯಿಂದ ಹೊರಗಿಡುವ ಕಥೆಯುಳ್ಳ ‘ಬಹಿಷ್ಕಾರ’ವನ್ನು ಓದಿ ನಕ್ಕವರು ಯಾರೂ ಇರಲಾರರು. ‘ಸೂಳೆ’ ಎಂಬ ಹೆಸರನ್ನೇ ಇಟ್ಟು, ಸಮಾಜವು ಹೊರಗೆ ನಿಲ್ಲಿಸಿದ ಹೆಣ್ಣಿನ ಕಡೆಗೆ ಕರುಣೆಯಿಂದ ತಿರುಗಿ ನೋಡಲು ಆ ಕಾಲದಲ್ಲಿ ಎಷ್ಟು ಧೈರ್ಯ ಬೇಕಾಗಿತ್ತೋ!

ಅವರ ಬರವಣಿಗೆಯ ರೀತಿಯೇ ವಿಚಿತ್ರ. ಕೈಲಾಸಂ ಕನ್ನಡ ನಾಟಕಗಳನ್ನು ಕೂತು ಬರೆದದ್ದಕ್ಕಿಂತ ಆಡಿದ್ದೇ ಹೆಚ್ಚು. ಗೆಳೆಯರ ಗುಂಪಿನ ನಡುವೆ ಕುಳಿತು, ಕೈಯಲ್ಲಿ ಸಿಗರೇಟು ಉರಿಯುತ್ತಿರಲು, ಗಂಡು ಹೆಣ್ಣು ಮುದುಕ ಮಗು ಎಲ್ಲರ ದನಿಯನ್ನೂ ತಾವೇ ತೆಗೆದು ಇಡೀ ನಾಟಕವನ್ನು ಅಭಿನಯಿಸಿ ತೋರಿಸುತ್ತಿದ್ದರು. ಅವರು ಹೇಳಿದ್ದನ್ನು ಬರೆದುಕೊಂಡು ಉಳಿಸಿದವರಲ್ಲಿ ಬಿ. ಎಸ್. ರಾಮರಾವ್ ಮುಖ್ಯರು. ಅಂಥ ಗೆಳೆಯರಿಲ್ಲದಿದ್ದರೆ ಈ ನಾಟಕಗಳಲ್ಲಿ ಎಷ್ಟು ನಮಗೆ ದೊರೆಯುತ್ತಿದ್ದುವೋ ತಿಳಿಯದು. ಇದರಿಂದಲೇ ಇರಬೇಕು, ಕೈಲಾಸಂ ಅವರನ್ನು ಕಣ್ಣಿನಿಂದ ಓದಿದರೆ ಕಷ್ಟ, ಬಾಯಿಬಿಟ್ಟು ಓದಿದರೆ ಸುಲಭ. ಮೊದಲ ದಿನ ನಮ್ಮಲ್ಲಿ ಯಾರಿಗೂ ಒಂದು ಪುಟ ತಡವರಿಸದೆ ದಾಟಲು ಆಗಲಿಲ್ಲ. ಐದನೆಯ ದಿನಕ್ಕೆ ಆ ಮಾತುಗಳು ತಾವಾಗಿಯೇ ಉರುಳತೊಡಗಿದುವು.

ಆದರೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ಮಾತು ನಮ್ಮ ಮನೆಯ ಮಾತಲ್ಲ. ಅದು ಹಳೆಯ ಮೈಸೂರಿನ ಓದಿದ ಬ್ರಾಹ್ಮಣ ಕುಟುಂಬಗಳ ಮಾತು. ಅವರ ನಾಟಕಗಳಲ್ಲಿ ಹೊಲದಲ್ಲಿ ದುಡಿಯುವವನ ಪಡಸಾಲೆಯನ್ನು ಹುಡುಕಿದರೆ ಸಿಗುವುದು ಕಷ್ಟ. ಇದನ್ನು ನಾನು ದೋಷವೆಂದು ಎತ್ತಿಹೇಳುವುದಿಲ್ಲ. ತಾವು ಕಂಡದ್ದನ್ನು ಅವರು ತೋರಿಸಿದರು. ತಮಿಳು ಮನೆಮಾತಿನ ಅವರು ಕನ್ನಡದ ಒಂದು ಬಗೆಯ ಮನೆಮಾತನ್ನು ಹಾಗೆಯೇ ರಂಗಕ್ಕೆ ತಂದಮೇಲೆ, ಮಿಕ್ಕ ಮನೆಗಳ ಮಾತು ಏಕೆ ಬರಬಾರದು ಎಂದು ಕೇಳುವ ಹಕ್ಕು ಎಲ್ಲರಿಗೂ ಬಂದಿತು.

ಇಂಗ್ಲಿಷಿನಲ್ಲಿ ಅವರು ಬರೆದದ್ದು ಬೇರೊಂದು ಲೋಕ. ಅಲ್ಲಿ ಏಕಲವ್ಯ, ಕರ್ಣ, ಕೀಚಕರು ಬರುತ್ತಾರೆ, ಭಾಷೆ ಗಂಭೀರ. ಆ ಕೈಲಾಸಂ ಬೇರೆ, ಈ ಕೈಲಾಸಂ ಬೇರೆ ಎನ್ನುವುದುಂಟು. ನನಗೇನೋ ಹಾಗೆ ಕಾಣುವುದಿಲ್ಲ. ಏಕಲವ್ಯನಾಗಲಿ ಕರ್ಣನಾಗಲಿ ಲೋಕದ ಲೆಕ್ಕದಲ್ಲಿ ತೇರ್ಗಡೆಯಾದವರಲ್ಲ. ಮಾಧುವೂ ಅಲ್ಲ, ಕಿಟ್ಟಿಯೂ ಅಲ್ಲ. ಗೆದ್ದವರ ಪಟ್ಟಿಯಲ್ಲಿ ಹೆಸರಿಲ್ಲದವರನ್ನೇ ಅವರು ಎರಡು ಭಾಷೆಗಳಲ್ಲಿಯೂ ಹುಡುಕಿಕೊಂಡು ಹೋದರು.

ಕೊನೆಗೆ ಅವರ ಬಾಳೂ ಅದೇ ಪಟ್ಟಿಗೆ ಸೇರಿತು. ಕೀರ್ತಿಯಿತ್ತು, ಹಣವಿರಲಿಲ್ಲ, ಕ್ರಮವಿಲ್ಲದ ಜೀವನ ಮೈಯನ್ನು ತಿಂದಿತ್ತು. ೧೯೪೫ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಂಗ್ಲಿಷ್ ಬೆರೆಸಿ ಕನ್ನಡ ಬರೆದವರು ಆ ಪೀಠದಲ್ಲಿ ಕುಳಿತರು. ಮರುವರ್ಷ, ೧೯೪೬ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು ಅರವತ್ತೆರಡು.

ಇನ್ನು ನನ್ನ ವಿಷಯ. ನನಗೊಬ್ಬ ತಮ್ಮನಿದ್ದಾನೆ. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಊರಲ್ಲೇ ಉಳಿದ. ಎರಡು ಹಸು, ಒಂದೂವರೆ ಎಕರೆ ಹೊಲ ಅವನ ಮೇಲಿದೆ. ನನ್ನ ಎರಡನೆಯ ವರ್ಷದ ಪರೀಕ್ಷೆಯ ವೇಳೆ ಅವ್ವನಿಗೆ ಹದಿನೈದು ದಿನ ಜ್ವರ. ಓದು ಕೆಡುತ್ತದೆಂದು ನಾನು ಊರಿಗೆ ಹೋಗಲಿಲ್ಲ. ಹೋಗಬೇಡವೆಂದು ಯಾರೂ ನನ್ನನ್ನು ತಡೆದಿರಲಿಲ್ಲ. ಅವ್ವನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಾಡಿದವನು ತಮ್ಮ. ಆ ಬಾರಿ ನನಗೆ ಪ್ರಥಮ ದರ್ಜೆ ಬಂದಿತು. ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು. ತಮ್ಮನೂ ಹಂಚಿದ.

ನಾಟಕದ ದಿನ ಅವನು ಊರಿನಿಂದ ಬಂದು ಹಿಂದಿನ ಸಾಲಿನಲ್ಲಿ ನಿಂತು ನೋಡಿದ. ಸಭೆ ನಗುವಾಗ ನಕ್ಕ. ಮುಗಿದ ಮೇಲೆ ಬಣ್ಣ ತೊಳೆದುಕೊಂಡು ಅವನನ್ನು ಬಸ್ ನಿಲ್ದಾಣದವರೆಗೆ ಕರೆದುಕೊಂಡು ಹೋದೆ. ಪುಟ್ಟುವಿನ ಪಾತ್ರ ಹೇಗಿತ್ತೆಂದು ಕೇಳಬೇಕೆನ್ನಿಸಿತು, ಬಾಯಿ ಬರಲಿಲ್ಲ. ಅವನೇ, ಆ ಮಾಧು ಮುಂದೆ ಪರೀಕ್ಷೆ ಕಟ್ಟಿದನೇ, ಪಾಸಾದನೇ ಎಂದು ಕೇಳಿದ. ಕೈಲಾಸಂ ಅದನ್ನು ಬರೆದಿಲ್ಲವೆಂದೆ. ಬೆಳಗಿನ ಐದು ಗಂಟೆಗೆ ಡೈರಿಗೆ ಹಾಲು ಹಾಕಬೇಕಾಗಿದ್ದುದರಿಂದ ಅವನು ಕೊನೆಯ ಬಸ್ಸಿಗೇ ಹತ್ತಿದ.