ವೀರಗಣಾಚಾರಿ ಮಡಿವಾಳ ಮಾಚಿದೇವರು

ಕನ್ನಡದಲ್ಲಿ ಮಡಿ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಒಗೆದು ಒಣಗಿಸಿದ ಬಟ್ಟೆ ಎಂಬುದು ಒಂದು. ಅನ್ಯರು ಮುಟ್ಟಬಾರದೆಂಬ ಆಚಾರಶುದ್ಧಿ ಎಂಬುದು ಮತ್ತೊಂದು. ಮಡಿಯನ್ನು ಮಾಡಿಕೊಡುವವನೇ ಮಡಿವಾಳ. ಆದರೆ ಲೋಕದ ವಿಪರೀತವನ್ನು ನೋಡಬೇಕು. ಮಡಿವಾಳನ ಕೈಯಿಂದ ಹಾಲಿನಂತೆ ಬಿಳುಪಾಗಿ ಬಂದ ಧೋತರವನ್ನು ಮತ್ತೊಮ್ಮೆ ನೀರಿನಲ್ಲಿ ಹಿಂಡಿದ ಹೊರತು ಉಡಲೊಲ್ಲದ ಜನ ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ಬಾಳಿ ಬಂದರು. ಬಟ್ಟೆಯ ಕೊಳೆ ಹೋಯಿತೆಂಬುದನ್ನು ಒಪ್ಪಿದರು; ಕೊಳೆ ಕಳೆದ ಕೈಯನ್ನೇ ಕೊಳೆಯೆಂದು ಬಗೆದರು. ಈ ವಿಪರೀತವನ್ನು ಹನ್ನೆರಡನೆಯ ಶತಮಾನದಲ್ಲಿ ತಮ್ಮ ಬದುಕಿನಿಂದಲೇ ಅಲ್ಲಗಳೆದ ಮಹಾನುಭಾವರು ಮಡಿವಾಳ ಮಾಚಿದೇವರು.

ಮಾಚಿದೇವರ ಜನ್ಮಸ್ಥಳ ಇಂದಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ. ಆ ಊರಿನ ಕಲಿದೇವನೇ ಅವರ ಆರಾಧ್ಯದೈವ. ಅವನ ನಾಮವೇ ಅವರ ವಚನಗಳ ಅಂಕಿತ. ಅವರ ಜೀವನವನ್ನು ಹೇಳುವ ಶಾಸನಗಳಿಗಿಂತ ಕಾವ್ಯ ಪುರಾಣಗಳೇ ನಮಗೆ ಹೆಚ್ಚಿನ ಆಧಾರ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಭೀಮಕವಿ ಕನ್ನಡದಲ್ಲಿ ರಚಿಸಿದ ಬಸವಪುರಾಣ, ಅನಂತರದ ಶೂನ್ಯಸಂಪಾದನೆಗಳು, ಇವುಗಳಲ್ಲಿ ಅವರ ಚರಿತ್ರೆ ಹರಡಿಕೊಂಡಿದೆ. ಪುರಾಣಗಳಲ್ಲಿ ಪವಾಡಗಳು ಸೇರಿರುವುದು ಸಹಜ. ಪವಾಡದ ಹೊದಿಕೆಯನ್ನು ಸರಿಸಿ ನೋಡಿದರೂ ಒಬ್ಬ ದೃಢವ್ರತಿಯ ಆಕೃತಿ ಸ್ಪಷ್ಟವಾಗಿ ಕಾಣುತ್ತದೆ.

ಅವರ ವ್ಯಕ್ತಿತ್ವವನ್ನು ತಿಳಿಯಬೇಕಾದರೆ ಅವರ ಕಾಯಕದ ಸ್ವರೂಪವನ್ನು ಮೊದಲು ತಿಳಿಯಬೇಕು. ಬಟ್ಟೆ ಒಗೆಯುವುದೆಂದರೆ ಬಂಡೆಗೆ ಬಡಿಯುವುದಷ್ಟೇ ಎಂದು ಬಗೆಯುವವರು ಆ ವೃತ್ತಿಯ ಆಳವನ್ನು ಅರಿಯದವರು. ಸಾಬೂನು ಮನೆಮನೆಗೆ ಬರುವುದಕ್ಕೆ ಎಷ್ಟೋ ಕಾಲ ಮುಂಚೆ ಮಡಿವಾಳರು ಸವಳು ಮಣ್ಣನ್ನು ಬಲ್ಲವರಾಗಿದ್ದರು. ಬಯಲುಸೀಮೆಯಲ್ಲಿ ಬೇಸಿಗೆ ಬಂದಾಗ ನೆಲದ ಮೇಲೆ ಬೆಳ್ಳಗೆ ಉಕ್ಕುವ ಈ ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರಗಳಿರುತ್ತವೆ. ಕೊಳೆಬಟ್ಟೆಗಳನ್ನು ಸವಳು ನೀರಿನಲ್ಲಿ ಅದ್ದಿ, ಬಾನಿಯ ಮೇಲೆ ಒಪ್ಪವಾಗಿ ಒಟ್ಟಿ, ಕೆಳಗೆ ಉರಿ ಹಾಕಿ ಬಹಳ ಹೊತ್ತು ಹಬೆಯಲ್ಲಿ ಬೇಯಿಸುವ ಕ್ರಮಕ್ಕೆ ಉಬ್ಬೆ ಎಂದು ಹೆಸರು. ಎಣ್ಣೆಯ ಜಿಡ್ಡಿನೊಡನೆ ಕ್ಷಾರವೂ ಬಿಸಿಯೂ ಬೆರೆತಾಗ ಬಟ್ಟೆಯಲ್ಲಿಯೇ ಒಂದಿಷ್ಟು ಸಾಬೂನಿನಂಥ ದ್ರವ್ಯ ಹುಟ್ಟಿ ಜಿಡ್ಡು ಸಡಿಲುತ್ತದೆ. ಆಮೇಲೆ ಬಂಡೆಯ ಪೆಟ್ಟು, ಹರಿವ ನೀರು, ಬಿಸಿಲು. ಹೀಗೆ ಮಣ್ಣು, ನೀರು, ಬೆಂಕಿ, ಗಾಳಿ, ಬಿಸಿಲುಗಳೆಲ್ಲ ಸೇರಿ ಒಂದು ಮಡಿಯಾಗುತ್ತದೆ.

ಕಲೆಗಳ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ಎಲ್ಲ ಕಲೆಗೂ ಒಂದೇ ಮದ್ದಿಲ್ಲ. ರಕ್ತದ ಕಲೆಗೆ ತಣ್ಣೀರೇ ಬೇಕು. ಬಿಸಿನೀರು ತಗುಲಿದರೆ ಅದು ನೂಲಿನಲ್ಲಿ ಹೆಪ್ಪುಗಟ್ಟಿ ನಿಂತುಬಿಡುತ್ತದೆ. ಪ್ರಸಾದನಿಲಯದಲ್ಲಿದ್ದು ಓದಿದ ನಮ್ಮಂಥವರು ಕಾಲು ಒಡೆದುಕೊಂಡ ದಿನ ಅವಸರದಲ್ಲಿ ಬಿಸಿನೀರು ಸುರಿದು ಇದ್ದೊಂದು ಧೋತರವನ್ನು ಕಾಯಮ್ಮಾಗಿ ಕೆಡಿಸಿಕೊಂಡದ್ದುಂಟು. ಅರಿಸಿನದ ಕಲೆಗೆ ಕ್ಷಾರ ತಗುಲಿದರೆ ಕೆಂಪೇರುತ್ತದೆ; ಒಗೆದು ಬಿಸಿಲಿಗೆ ಹಾಕಿದರೆ ದಿನದಿನಕ್ಕೆ ಮಾಸುತ್ತದೆ. ಕಬ್ಬಿಣದ ತುಕ್ಕಿಗೆ ಸವಳು ನಿರುಪಯೋಗಿ. ನಿಂಬೆಯ ಹುಳಿಯೇ ಮದ್ದು. ಅಡಕೆಯ ಚೊಗರಿಗೆ ಕ್ಷಾರ ಹಾಕಿದರೆ ಬಣ್ಣ ಇನ್ನೂ ಗಾಢವಾಗುವುದು. ರೇಷ್ಮೆಗೂ ಉಣ್ಣೆಗೂ ಸವಳು ಶತ್ರು. ಅವಕ್ಕೆ ಅಂಟುವಾಳದ ನೊರೆಯೇ ಹಿತ. ಬಾಳೆಯ ರಸ ಒಮ್ಮೆ ಹತ್ತಿ ಒಣಗಿದರೆ ನುರಿತ ಕೈಗೂ ಸುಲಭವಾಗಿ ಮಣಿಯದು. ಇನ್ನು ಕೇರುಬೀಜದ ರಸಕ್ಕೆ ಸುಣ್ಣ ಸೇರಿಸಿ ಇಟ್ಟ ಗುರುತು ಎಷ್ಟು ಒಗೆದರೂ ಹೋಗುವುದಿಲ್ಲ; ಅಳಿಯದೆಂಬ ಕಾರಣಕ್ಕಾಗಿಯೇ ಮಡಿವಾಳರು ಮನೆಮನೆಯ ಬಟ್ಟೆಗೆ ಅದರಿಂದ ಗುರುತು ಹಾಕುತ್ತಿದ್ದರು. ಆದುದರಿಂದ ಮಡಿವಾಳನ ಮೊದಲ ವಿದ್ಯೆ ತೋಳ್ಬಲವಲ್ಲ, ಕಲೆಯ ಮೂಲವನ್ನು ಕಂಡುಹಿಡಿಯುವ ವಿವೇಕ. ಎರಡನೆಯದು, ಕಲೆ ಹೋಗಬೇಕು, ಬಟ್ಟೆ ಉಳಿಯಬೇಕು ಎಂಬ ಎಚ್ಚರ. ಕೊಳೆಯ ಮೇಲಿನ ಕೋಪದಲ್ಲಿ ಬಟ್ಟೆಯನ್ನು ಹರಿಯುವವನು ಮಡಿವಾಳನಲ್ಲ.

ಬಸವಣ್ಣನವರ ಕೀರ್ತಿಯನ್ನು ಕೇಳಿ ಮಾಚಿದೇವರು ಹಿಪ್ಪರಗಿಯನ್ನು ಬಿಟ್ಟು, ಭೀಮಾನದಿಯನ್ನು ದಾಟಿ ಕಲ್ಯಾಣಕ್ಕೆ ಬಂದರು. ಚಾಲುಕ್ಯರ ಕೈಯಿಂದ ಅಧಿಕಾರವನ್ನು ಕಸಿದುಕೊಂಡ ಕಳಚುರಿ ಬಿಜ್ಜಳನು ಆಗ ಅಲ್ಲಿ ಆಳುತ್ತಿದ್ದನು. ಬಸವಣ್ಣನವರು ಅವನ ಭಂಡಾರಿಗಳು. ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಕಟ್ಟಿಗೆ ಮಾರುವ ಮಾರಯ್ಯ ಮೊದಲಾದವರು ಅನುಭವಗೋಷ್ಠಿಯಲ್ಲಿ ಸಮಾನರಾಗಿ ಕುಳಿತಿದ್ದ ಆ ಪುರದಲ್ಲಿ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿಮಾಡುವ ಕಾಯಕವನ್ನು ಕೈಕೊಂಡರು. ಅವರ ನಿಯಮ ಬಹು ಕಠಿಣವಾದುದು. ಕಾಯಕವಿಲ್ಲದೆ ಅನ್ನ ಉಣ್ಣುವವರ ಬಟ್ಟೆಯನ್ನು ಅವರು ಒಗೆಯುತ್ತಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ಶರಣರ ಮಡಿಯ ಗಂಟನ್ನು ಹೊತ್ತು ಬರುವಾಗ ದಾರಿಯಲ್ಲಿ ಯಾರೂ ಅದನ್ನು ಮುಟ್ಟಕೂಡದು. ಮುಟ್ಟಿದರೆ ಮಾಚಿದೇವರ ಕೈಯ ಖಡ್ಗಕ್ಕೆ ಗುರಿಯಾಗಬೇಕು. ಲೋಕವು ಯಾರನ್ನು ಮುಟ್ಟಬಾರದೆಂದಿತೋ ಅವರೇ ತಮ್ಮ ಗಂಟನ್ನು ಲೋಕವು ಮುಟ್ಟಕೂಡದೆಂದರು. ಮಡಿ ಎಂಬ ಪದದ ಎರಡನೆಯ ಅರ್ಥವನ್ನು ಅವರು ಹೀಗೆ ಕುಲದಿಂದ ಕಿತ್ತು ಕಾಯಕಕ್ಕೆ ಕಟ್ಟಿದರು.

ಈ ನಿಷ್ಠೆಯ ಮೇಲೆ ದೂರು ಬಿಜ್ಜಳನ ಕಿವಿಗೆ ಹೋಯಿತು. ಒಬ್ಬ ಅಗಸನಿಗೆ ಇಷ್ಟು ಸೊಕ್ಕೇ ಎಂದು ದೊರೆ ಕೆರಳಿದನು. ಅವನು ಕಳುಹಿದ ಆನೆಯನ್ನೂ ಸೈನ್ಯವನ್ನೂ ಮಾಚಿದೇವರು ಏಕಾಂಗಿಯಾಗಿ ಎದುರಿಸಿ ಗೆದ್ದರೆಂದು ಪುರಾಣ ಬಣ್ಣಿಸುತ್ತದೆ. ವೀರಗಣಾಚಾರಿ ಎಂಬ ಬಿರುದು ಅವರ ಹೆಸರಿನೊಡನೆ ಸೇರಿದ್ದು ಇಂಥ ಪ್ರಸಂಗಗಳಿಂದಲೇ. ಪವಾಡವನ್ನು ನಂಬಲಿ ಬಿಡಲಿ, ಕಥೆಯ ಹುರುಳು ಒಂದೇ. ಅರಸನ ಬಟ್ಟೆಯಾದರೂ ಒಗೆಯುವ ಕೈ ಒಲ್ಲೆನೆಂದರೆ ಕೊಳೆಯಾಗಿಯೇ ಉಳಿಯುತ್ತದೆ. ಅರಮನೆಯ ಬಿಳುಪು ಕೂಡ ಕೆರೆಯ ದಂಡೆಯ ಋಣ.

ಮಾಚಿದೇವರು ಎದುರು ನಿಂತದ್ದು ಅರಸನಿಗೆ ಮಾತ್ರವಲ್ಲ. ತಮ್ಮ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಬಸವಣ್ಣನವರ ಮನಸ್ಸಿನಲ್ಲಿ ಒಮ್ಮೆ, ಶರಣರಿಗೆ ತನ್ನಂತೆ ನೀಡುವವರು ಇನ್ನಾರಿದ್ದಾರೆ ಎಂಬ ಭಾವ ಮಿಂಚಿನಂತೆ ಸುಳಿಯಿತಂತೆ. ಅದನ್ನರಿತ ಮಾಚಿದೇವರು ಮುಚ್ಚುಮರೆಯಿಲ್ಲದೆ ಆಕ್ಷೇಪಿಸಿದರು. ನೀಡುವವನು ಇದ್ದಾನೆಂದು ಬೇಡುವವರು ಹುಟ್ಟಿಲ್ಲ, ಶರಣರಾರೂ ಬಡವರಲ್ಲ, ಸ್ವೀಕರಿಸುವವರು ಇರುವುದೇ ನೀಡುವವನ ಭಾಗ್ಯ ಎಂಬುದು ಅವರ ಉಪದೇಶದ ತಾತ್ಪರ್ಯ. ಬಸವಣ್ಣನವರು ಕೋಪಿಸಿಕೊಳ್ಳಲಿಲ್ಲ, ತಲೆಬಾಗಿದರು. ಬಿಳಿಯ ಬಟ್ಟೆಯಲ್ಲಿಯೇ ಕಲೆ ಬೇಗ ಕಾಣುವಂತೆ ನಿರ್ಮಲರಾದವರ ಮನದಲ್ಲಿ ಎಳ್ಳಷ್ಟು ಹಮ್ಮೂ ಎದ್ದು ಕಾಣುತ್ತದೆ. ಕಲೆ ಕಂಡೊಡನೆ ಒಗೆದರೆ ಹೋಗುತ್ತದೆ. ಒಣಗಲು ಬಿಟ್ಟರೆ ಕಷ್ಟ. ದಾನಿಯ ಹಮ್ಮು ಒಣಗಿದ ಬಾಳೆರಸದಂತಹ ಕಲೆ. ಇತರ ದೋಷಗಳನ್ನು ಜನರು ಎತ್ತಿ ತೋರಿಸುತ್ತಾರೆ; ದಾನಿಯ ಹಮ್ಮನ್ನು ಮಾತ್ರ ಸುತ್ತಲಿನವರು ಹೊಗಳಿಕೆಯ ನೀರೆರೆದು ಇನ್ನಷ್ಟು ಇಳಿಯಗೊಡುತ್ತಾರೆ. ಪಂಡಿತನ ಹಮ್ಮೂ ಅದೇ ಜಾತಿಯದೆಂಬುದನ್ನು ಈ ಲೇಖಕನು ಮೊದಲು ತನಗೇ ಹೇಳಿಕೊಳ್ಳಬೇಕಾಗಿದೆ.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನವರ ಪ್ರಸಂಗ ಮಾಚಿದೇವರ ಇನ್ನೊಂದು ಮುಖವನ್ನು ತೋರಿಸುತ್ತದೆ. ಹುಲ್ಲು ಕೊಯ್ಯುವಾಗ ಚಂದಯ್ಯನವರ ಇಷ್ಟಲಿಂಗ ಜಾರಿ ಬಿದ್ದಿತು. ಕಾಯಕವೇ ದೊಡ್ಡದೆಂದು ಅವರು ಅದನ್ನು ಎತ್ತಿಕೊಳ್ಳದೆ ನಡೆದರು. ಲಿಂಗವೇ ಬೆನ್ನುಹತ್ತಿ ಬಂದು ಬೇಡಿಕೊಂಡಿತು. ಆಗ ಮಧ್ಯಸ್ಥರಾದವರು ಮಾಚಿದೇವರು. ಕಾಯಕದ ಹಿರಿಮೆಯನ್ನು ಅಲ್ಲಗಳೆಯದೆ, ಕಾಯಕದ ಹೆಸರಿನಲ್ಲಿ ಲಿಂಗವನ್ನು ತೊರೆಯುವುದೂ ಸಲ್ಲದೆಂದು ಅವರು ಚಂದಯ್ಯನವರಿಗೆ ತಿಳಿಯಹೇಳಿದರು. ಕೊನೆಗೆ ಲಿಂಗವೂ ಹಗ್ಗ ಮಾರುವ ಕಾಯಕಕ್ಕೆ ಇಳಿಯಬೇಕಾಯಿತು! ಖಡ್ಗ ಹಿಡಿದ ಕೈಯಲ್ಲಿಯೇ ಇಷ್ಟೊಂದು ಮೃದುತ್ವವಿತ್ತು. ಬಂಡೆಗೆ ಬಡಿಯಬೇಕಾದ ಬಟ್ಟೆ ಯಾವುದು, ಅಂಗೈಯಲ್ಲಿ ಹಿಸುಕಬೇಕಾದ ರೇಷ್ಮೆ ಯಾವುದು ಎಂಬುದನ್ನು ಅವರ ಕಾಯಕವೇ ಅವರಿಗೆ ಕಲಿಸಿತ್ತು.

ಕಲ್ಯಾಣಕ್ಕೆ ಕೇಡುಗಾಲ ಬಂದಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹದ ನಿಮಿತ್ತ ಶರಣರ ಮೇಲೆ ಘೋರ ಹಿಂಸೆ ನಡೆಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು. ಚೆನ್ನಬಸವಣ್ಣನವರೂ ಅಕ್ಕನಾಗಮ್ಮನವರೂ ಇದ್ದ ತಂಡವು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯತ್ತ ಹೊರಟಿತು. ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ನಿಂತ ಕಾವಲಿನ ಮುಂದಾಳು ಮಾಚಿದೇವರೇ ಎಂದು ಪರಂಪರೆ ಸಾರುತ್ತದೆ. ಜೀವಮಾನವೆಲ್ಲ ಶರಣರ ಮಡಿಯ ಗಂಟನ್ನು ಹೊತ್ತವರು ಕೊನೆಗೆ ಶರಣರ ನುಡಿಯ ಗಂಟನ್ನು ಕಾದರು. ಆ ದಾರಿಯಲ್ಲಿಯೇ ಅವರು ಲಿಂಗೈಕ್ಯರಾದರೆಂದು ಪ್ರತೀತಿ.

ಮಾಚಿದೇವರ ವಚನಗಳಲ್ಲಿ ಇಂದು ದೊರೆತಿರುವುವು ಸುಮಾರು 350. ಬಸವಣ್ಣನವರ ಮಹಿಮೆಯನ್ನು ಕೊಂಡಾಡುವ ವಚನಗಳು ಅವುಗಳಲ್ಲಿ ಬಹಳ. ಹೊರಗೆ ಲಾಂಛನವನ್ನು ಧರಿಸಿ ಒಳಗೆ ಆಚಾರಹೀನರಾದವರನ್ನು ಅವರು ಯಾವ ದಾಕ್ಷಿಣ್ಯವೂ ಇಲ್ಲದೆ ಖಂಡಿಸುತ್ತಾರೆ. ಅಂದು ಉಳಿದ ಓಲೆಗಳ ಸಂತತಿಯನ್ನು ಮನೆಮನೆಯಿಂದ ಅರಸಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದವರು ಡಾ. ಫ. ಗು. ಹಳಕಟ್ಟಿಯವರು. ಮಾಚಿದೇವರ ಜನ್ಮಭೂಮಿಯಾದ ವಿಜಯಪುರದ ನೆಲವೇ ಹಳಕಟ್ಟಿಯವರ ಕರ್ಮಭೂಮಿಯಾದುದು ಒಂದು ಶುಭಯೋಗ. ಒಬ್ಬರು ಖಡ್ಗದಿಂದ ಕಾಯ್ದುದನ್ನು ಇನ್ನೊಬ್ಬರು ಅಚ್ಚಿನಿಂದ ಕಾಯ್ದರು.

ಈಗ ಪ್ರತಿವರ್ಷ ಫೆಬ್ರವರಿ 1ರಂದು ರಾಜ್ಯ ಸರ್ಕಾರವು ಮಾಚಿದೇವರ ಜಯಂತಿಯನ್ನು ಆಚರಿಸುತ್ತದೆ. ಶಾಲೆಗಳಲ್ಲಿ ಭಾವಚಿತ್ರಕ್ಕೆ ಹೂವು ಏರುತ್ತದೆ, ಭಾಷಣಗಳಾಗುತ್ತವೆ. ಅದು ಉಚಿತವೇ. ಆದರೆ ಅಂದು ನಾವು ಉಟ್ಟ ಬಟ್ಟೆಯನ್ನು ಇಸ್ತ್ರಿ ಮಾಡಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಒಗೆಯುವ ಯಂತ್ರಗಳು ಮನೆಗೆ ಬಂದ ಮೇಲೆ ಆ ವೃತ್ತಿಯವರ ಸಂಪಾದನೆ ಕುಗ್ಗಿದೆ. ಕುಲದ ಹೆಸರಿಗೆ ಅಂಟಿದ ತಾತ್ಸಾರ ಮಾತ್ರ ಅಷ್ಟು ಬೇಗ ಕುಗ್ಗಿಲ್ಲ. ತಂದೆಯ ವೃತ್ತಿಯನ್ನು ಕೇಳಿದಾಗ ತಲೆತಗ್ಗಿಸಿ ಉತ್ತರಿಸುವ ವಿದ್ಯಾರ್ಥಿಯನ್ನು ಕಂಡ ಅಧ್ಯಾಪಕರು ನಮ್ಮಲ್ಲಿ ಇರಲೇಬೇಕು. ಆ ಮಗುವಿನ ತಲೆಯನ್ನು ಎತ್ತಿ ನಿಲ್ಲಿಸದ ಜಯಂತಿ ಬರಿಯ ಹೂವಿನ ವ್ಯಯ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಮಾಚಿದೇವರ ಪಾಠವನ್ನು ಹೇಳುವ ದಿನ ಉಬ್ಬೆಯ ವಿಧಾನವನ್ನೂ ಸವಳಿನ ಗುಣವನ್ನೂ ಮಕ್ಕಳಿಗೆ ತಿಳಿಸಿರಿ. ಅದರಲ್ಲಿ ರಸಾಯನಶಾಸ್ತ್ರವಿದೆಯೆಂದು ತೋರಿಸಿರಿ. ಪ್ರಸಾದನಿಲಯದ ಮಕ್ಕಳು ಭಾನುವಾರದ ದಿನ ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳಲಿ. ಹಳೆಯ ವಿದ್ಯಾರ್ಥಿಗಳು ಅದೇ ಒಗೆಯುವ ಕಲ್ಲಿನ ಬಳಿ ಕೈ ಕೆಂಪಾಗಿಸಿಕೊಂಡ ದಿನಗಳನ್ನು ನೆನೆಯಲಿ. ಉದಾರ ದಾನಿಗಳ ನಾಮಾವಳಿಯು ಈ ಸಂಪುಟದಲ್ಲಿ ಸಕಾರಣವಾಗಿಯೇ ಅಚ್ಚಾಗುತ್ತದೆ. ಅವರ ನೆರವಿನಿಂದಲೇ ನೂರಾರು ಮಕ್ಕಳ ಅನ್ನ ವಿದ್ಯೆಗಳು ನಡೆಯುತ್ತಿವೆ. ಅಂದು ಮಾಚಿದೇವರ ಮಾತಿಗೆ ಬಸವಣ್ಣನವರು ತಲೆಬಾಗಿದ ಪ್ರಸಂಗವನ್ನು ಅವರೂ ನಾವೂ ಕೂಡಿಯೇ ನೆನೆದರೆ, ನೀಡುವ ಕೈಯೂ ಬೇಡುವ ಕೈಯೂ ಮಡಿಯಾಗಿ ಉಳಿದಾವು.